ಮುಪ್ಪು ಬಾರದವನ ವಿಚಾರ

ಕಥೆಯಲ್ಲಿ ಅದ್ಭುತವೊಂದು ಬಂದೊಡನೆ ಅದರ ಯಂತ್ರವೆಲ್ಲಿ ಎಂದು ಹುಡುಕುವುದು ಈ ಕಾಲದ ರಸಿಕರಿಗೆ ಅಂಟಿದ ಚಾಳಿ. ಯಂತ್ರ ಸಿಕ್ಕರೆ ತೃಪ್ತಿ. ಸಿಕ್ಕದಿದ್ದರೆ ಕಥೆಗಾರನೇ ವಂಚಕನೆಂಬ ತೀರ್ಪು. ಅಮೆರಿಕದ ‘ಲಾಸ್ಟ್’ ಎಂಬ ದೂರದರ್ಶನ ನಾಟಕದ ರಿಚರ್ಡ್ ಆಲ್ಪರ್ಟನಿಗೆ ಆಗಿರುವ ಅನ್ಯಾಯವು ಈ ಚಾಳಿಯ ಫಲ.

2004ರಿಂದ 2010ರವರೆಗೆ ಎಬಿಸಿ ವಾಹಿನಿಯಲ್ಲಿ ಪ್ರಸಾರವಾದ ಈ ನಾಟಕವು, ವಿಮಾನವು ಮುರಿದು ಶಾಂತಸಾಗರದ ಅಜ್ಞಾತ ದ್ವೀಪವೊಂದರಲ್ಲಿ ಬಿದ್ದವರ ಕಥೆ. ಅವರಿಗಿಂತ ಮೊದಲೇ ಅಲ್ಲಿ ನೆಲೆಸಿದ್ದವರಲ್ಲಿ ರಿಚರ್ಡನು ಒಬ್ಬ. ನೆಸ್ಟರ್ ಕಾರ್ಬೊನೆಲ್ ಎಂಬ ನಟನು ಈ ಪಾತ್ರವನ್ನು ಧರಿಸಿದನು. ಕಥೆಯ ಕಾಲವು 1954 ಆಗಲಿ, 1977 ಆಗಲಿ, 2007 ಆಗಲಿ, ರಿಚರ್ಡನ ಮುಖ ಒಂದೇ. ಒಂದು ಗೆರೆ ಹೆಚ್ಚಿಲ್ಲ, ಒಂದು ಕೂದಲು ನರೆತಿಲ್ಲ.

ಇವನಿಗೆ ಮುಪ್ಪೇಕಿಲ್ಲವೆಂಬುದರಲ್ಲಿ ಪೂರ್ವಪಕ್ಷಗಳು ಎರಡು. 2009ರಲ್ಲಿ ಪ್ರಸಾರವಾದ ಐದನೆಯ ಸರಣಿಯಲ್ಲಿ ದ್ವೀಪದ ಮೇಲಿದ್ದ ಕೆಲವರು ಒಂದು ಕಾಲದಿಂದ ಮತ್ತೊಂದಕ್ಕೆ ಎಸೆಯಲ್ಪಡುತ್ತಾರೆ. ರಿಚರ್ಡನೂ ಅಂತೆಯೇ ಹಾರುತ್ತಿದ್ದಿರಬೇಕು ಎಂಬುದು ಮೊದಲನೆಯದು. ದ್ವೀಪರಕ್ಷಕನಾದ ಜೇಕಬನು ಅವನನ್ನು ಮುಟ್ಟಿದನು, ಅಷ್ಟಕ್ಕೇ ಅವನು ಅಜರನಾದನು ಎಂದು ನಾಟಕವು ಹೇಳುವುದು ಉತ್ತರವೇ ಅಲ್ಲ, ನುಣುಚಿಕೊಳ್ಳುವ ಉಪಾಯ ಎಂಬುದು ಎರಡನೆಯದು. ಎರಡೂ ನಿಲ್ಲತಕ್ಕವಲ್ಲ.

ಮೊದಲನೆಯ ವಾದವು ಕಾಲವನ್ನು ದಾಟಿದವನಿಗೂ ಕಾಲವನ್ನು ಸವೆಸಿದವನಿಗೂ ಇರುವ ಭೇದವನ್ನರಿಯದು. ಭಾಗವತದ ಕಕುದ್ಮಿರಾಜನು ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಸಭೆಗೆ ಹೋಗಿ, ಅಲ್ಲಿಯ ಗಾನ ಮುಗಿಯುವವರೆಗೆ ಕಾದನಷ್ಟೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿದ್ದವು. ಹಾಗೆಂದು ಅವನನ್ನು ಚಿರಂಜೀವಿಗಳ ಸಾಲಿನಲ್ಲಿ ಯಾರೂ ಸೇರಿಸಲಿಲ್ಲ. ಅವನು ಬಾಳಿದುದು ಒಂದು ಗಾನದ ಹೊತ್ತು ಮಾತ್ರ.

‘ಲಾಸ್ಟ್’ ನಾಟಕದಲ್ಲಿ ಕಕುದ್ಮಿಯ ಸ್ಥಾನವು ಜಾನ್ ಲಾಕನದು, ರಿಚರ್ಡನದಲ್ಲ. ಕಾಲಪ್ರವಾಹದಲ್ಲಿ ತೂರಾಡುತ್ತಿದ್ದ ಲಾಕನ ಕೈಗೆ ರಿಚರ್ಡನು ಒಂದು ದಿಕ್ಸೂಚಿಯನ್ನು ಕೊಡುತ್ತಾನೆ. ಲಾಕನು 1954ಕ್ಕೆ ಬಂದು ಬಿದ್ದು, ಅದನ್ನೇ ಆ ಕಾಲದ ರಿಚರ್ಡನಿಗೆ ಒಪ್ಪಿಸುತ್ತಾನೆ. ಲಾಕನಿಗೆ ಇದು ಕೆಲವೇ ದಿನಗಳ ಮಾತು. ರಿಚರ್ಡನಿಗೆ 53 ವರ್ಷ. ಆ ದಿಕ್ಸೂಚಿಯನ್ನು ಮಾಡಿದವರಾರೆಂದರೆ ಉತ್ತರವಿಲ್ಲ. ಅದು ಆದಿಯಿಲ್ಲದ ಚಕ್ರದಲ್ಲಿ ಸುತ್ತುತ್ತಿದೆ. ಅದನ್ನು ಕಾಪಾಡಿಕೊಂಡು ಬಂದವನಾದರೋ ಸುತ್ತಲಿಲ್ಲ. ದಿನಕ್ಕೊಂದು ಹೆಜ್ಜೆಯಂತೆ ನೇರವಾಗಿ ನಡೆದನು. ತಾನು ಇನ್ನೆರಡು ವರ್ಷಕ್ಕೆ ಹುಟ್ಟುವವನೆಂದು ಲಾಕನು ಹೇಳಿದಾಗ, ರಿಚರ್ಡನು ಆ ಎರಡು ವರ್ಷವೂ ಕಾದು, 1956ರಲ್ಲಿ ಆಸ್ಪತ್ರೆಗೆ ಹೋಗಿ, ಗಾಜಿನಾಚೆಯಿಂದ ಶಿಶುವನ್ನು ನೋಡುತ್ತಾನೆ. ಹಾರಬಲ್ಲವನು ಕಾಯುವುದೇಕೆ?

ಇನ್ನು ಎರಡನೆಯ ವಾದ. 2010ರ ಮಾರ್ಚ್ 23ರಂದು ಪ್ರಸಾರವಾದ ‘ಆಬ್ ಎಟರ್ನೋ’ ಎಂಬ ಕಂತು ರಿಚರ್ಡನ ಪೂರ್ವವೃತ್ತಾಂತ. 1867ರಲ್ಲಿ, ಕ್ಯಾನರಿ ದ್ವೀಪಗಳ ಟೆನೆರಿಫ್‌ನಲ್ಲಿ ಅವನು ರಿಕಾರ್ಡೊ ಎಂಬ ಬಡವ. ಹೆಂಡತಿ ಇಸಬೆಲ್ಲಾ ಮರಣಶಯ್ಯೆಯಲ್ಲಿ. ಔಷಧಿಗಾಗಿ ನಡೆದ ಜಗ್ಗಾಟದಲ್ಲಿ ಅವನ ಕೈಯಿಂದ ವೈದ್ಯನು ಸಾಯುತ್ತಾನೆ. ಔಷಧಿಯನ್ನು ತರುವಷ್ಟರಲ್ಲಿ ಹೆಂಡತಿಯೂ ಇಲ್ಲ. ಪಾದ್ರಿಯು ಪಾಪಕ್ಷಮೆಯನ್ನು ನಿರಾಕರಿಸುತ್ತಾನೆ. ನೇಣಿನಿಂದ ತಪ್ಪಿದವನು ಗುಲಾಮನಾಗಿ ‘ಬ್ಲ್ಯಾಕ್ ರಾಕ್’ ಎಂಬ ಹಡಗಿನಲ್ಲಿ ದ್ವೀಪಕ್ಕೆ ಬಂದು ಬೀಳುತ್ತಾನೆ. ತನ್ನ ಸೇವೆಗೆ ಪ್ರತಿಫಲವೇನು ಬೇಕೆಂದು ಜೇಕಬನು ಕೇಳಿದಾಗ ಅವನು ಮೊದಲು ಹೆಂಡತಿಯನ್ನು ಬೇಡುತ್ತಾನೆ, ಅದು ಆಗದು. ಪಾಪಪರಿಹಾರವನ್ನು ಬೇಡುತ್ತಾನೆ, ಅದೂ ಆಗದು. ಹಾಗಾದರೆ ಸಾವೇ ಬಾರದಿರಲಿ ಎನ್ನುತ್ತಾನೆ. ಅದು ಮಾತ್ರ ಆಗುತ್ತದೆ.

ಉತ್ತರವು ಈ ಬೇಡಿಕೆಗಳ ಕ್ರಮದಲ್ಲಿದೆ. ಬೇಕಾದ ಎರಡೂ ದೊರೆಯದೆ, ನರಕದ ಭಯದಿಂದ ಮೂರನೆಯದನ್ನು ಹಿಡಿದವನ ಆಯುಸ್ಸು ಅದು. ಮಾರ್ಕಂಡೇಯನೂ ಚಿರಂಜೀವಿ, ಅಶ್ವತ್ಥಾಮನೂ ಚಿರಂಜೀವಿ. ಒಬ್ಬನಿಗೆ ಅದು ವರ, ಇನ್ನೊಬ್ಬನಿಗೆ ಮಾಸದ ಗಾಯ. ಯಾವ ಯಂತ್ರವು ಈ ಇಬ್ಬರನ್ನು ಬೇರ್ಪಡಿಸೀತು? ಜೇಕಬನು ಹತನಾದ ಮೇಲೆ ರಿಚರ್ಡನು ಅದೇ ಹಡಗಿನ ಸಿಡಿಮದ್ದಿನ ನಡುವೆ ಕುಳಿತು, ತನ್ನ ಕೈಯಿಂದ ತಾನು ಸಾಯಲಾರೆನೆಂದು, ಬತ್ತಿಗೆ ಬೆಂಕಿಯಿಡುವಂತೆ ಮತ್ತೊಬ್ಬನನ್ನು ಬೇಡುತ್ತಾನೆ. 140 ವರ್ಷಗಳ ಯೌವನದ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಬೇಕೆ?

ನಾಟಕವು ನಿರ್ದೋಷವೆಂದು ಯಾರೂ ಹೇಳಬೇಕಾಗಿಲ್ಲ. 2008ರ ಒಂದು ಕಂತಿನ ಹರಾಜಿನಲ್ಲಿ ಇದೇ ಹಡಗು 1845ರಲ್ಲಿ ಇಂಗ್ಲೆಂಡಿನಿಂದ ಹೊರಟು ಸಮುದ್ರದಲ್ಲಿ ಕಾಣೆಯಾಯಿತೆಂದು ಹೇಳಿಸಿದ್ದಾರೆ; ಅದನ್ನು 1867ರೊಡನೆ ಹೊಂದಿಸುವುದು ಕಷ್ಟ. ಇದು ಲೆಕ್ಕದ ತಪ್ಪು, ಖಂಡಿಸಲಿ. ಆದರೆ ಲೆಕ್ಕ ತಪ್ಪಿತೆಂದು ಅರ್ಥವನ್ನೇ ಇಲ್ಲವೆನ್ನುವುದು, ಎಲೆಯ ಮೇಲೆ ಉಪ್ಪು ಬಲಗಡೆ ಬಿತ್ತೆಂದು ಊಟವನ್ನೇ ಬಿಟ್ಟೆದ್ದಂತೆ. ಹೇಗೆ ಎಂಬ ಪ್ರಶ್ನೆಗೆ ಶಾಸ್ತ್ರವು ಹೊಣೆ. ಏಕೆ ಎಂಬುದಕ್ಕೆ ಕಥೆಯು ಹೊಣೆ. ಈ ವಿವೇಕ ತಪ್ಪಿದವರು ನಮ್ಮ ಮನೆಗಳಲ್ಲಿಯೂ ಉಂಟು: ಪುಷ್ಪಕದಲ್ಲಿ ಎಂಜಿನ್ನನ್ನು ಹುಡುಕುತ್ತ, ರಾಮನು ಅದನ್ನು ಕುಬೇರನಿಗೆ ಹಿಂದಿರುಗಿಸಿದುದೇಕೆಂಬುದನ್ನು ಮರೆತವರು. ಮಕ್ಕಳಿಗೆ ಅಂಥವರು ಕಥೆ ಹೇಳಿದರೆ, ಮಕ್ಕಳ ಪಾಲಿಗೆ ಉಳಿಯುವುದು ಯಂತ್ರದ ಪಟ್ಟಿ.

ರಘುವಂಶದಲ್ಲಿ ದಶರಥನ ಕಿವಿಯ ಬಳಿ ನರೆ ಮೂಡಿದಾಗ ಅದು ರಾಜ್ಯವನ್ನು ಬಿಡೆಂದು ಹೇಳಲು ಬಂದ ದೂತ. ನಮ್ಮ ಜೈನಕಾವ್ಯಗಳ ಅರಸರಿಗೂ ಒಂದು ಬೆಳ್ಗೂದಲೇ ವೈರಾಗ್ಯಕ್ಕೆ ಸಾಕು. 2010ರ ಮೇ 23ರ ಕೊನೆಯ ಕಂತಿನಲ್ಲಿ ರಿಚರ್ಡನ ತಲೆಯಲ್ಲಿಯೂ ಜೊತೆಗಾರನೊಬ್ಬನು ಒಂದು ನರೆಗೂದಲನ್ನು ಕಾಣುತ್ತಾನೆ. ಅದನ್ನು ನೋಡಿ ರಿಚರ್ಡನಿಗೆ ಹುಟ್ಟುವುದು ವೈರಾಗ್ಯವಲ್ಲ, ಬದುಕಬೇಕೆಂಬ ಆಸೆ. ಸಾಯಲು ಹವಣಿಸಿದವನು ಸಾಯಬಲ್ಲೆನೆಂದು ತಿಳಿದ ಕ್ಷಣದಲ್ಲಿ ಬದುಕನ್ನು ಬಯಸಿದನು. ಆ ಒಂದು ಕೂದಲನ್ನು ಕಂಡೂ ಇವನಿಗೆ ಮುಪ್ಪೇಕಿರಲಿಲ್ಲವೆಂದು ಕೇಳುವವರಿಗೆ ಯಾವ ಯಂತ್ರವನ್ನು ತೋರಿಸಿದರೂ ವ್ಯರ್ಥ.