ಚೆಂಡು ಯಾರದು?

ಕಳೆದ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯಾಕೆ ನನ್ನನ್ನು ಕೂಗಿ ಕರೆದರು. "ಬನ್ನಿ, ನಮ್ಮ ಹುಡುಗ ಮನೆಯಲ್ಲೇ ಚೆಂಡು ಮಾಡ್ತಾನೆ, ನೋಡುವಿರಂತೆ." ಹೋಗಿ ನೋಡಿದೆ. ಊಟದ ಮೇಜಿನ ಮೇಲೆ ಬಣ್ಣದ ರಟ್ಟಿನ ಡಬ್ಬಿ. ಅದರೊಳಗೆ ಅಳೆದು ತುಂಬಿದ ಪುಡಿಯ ಪೊಟ್ಟಣಗಳು, ಗುಂಡನೆಯ ಅಚ್ಚು. ಎಂಟು ವರ್ಷದ ಹುಡುಗ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸತ್ಯನಾರಾಯಣ ಪೂಜೆಗೆ ಕೂತವನಂತೆ ಕೂತಿದ್ದ. ಅಚ್ಚಿಗೆ ಪುಡಿ ಸುರಿದದ್ದು ಅಮ್ಮ, ನೀರಿಗೆ ಅದ್ದಿದ್ದು ಅಮ್ಮ, ಬಿಡಿಸಿದ್ದೂ ಅಮ್ಮ. ಹುಡುಗ ಒಮ್ಮೆ ಬೆರಳು ಚಾಚಿದ. "ಮುಟ್ಟಬೇಡ್ವೋ, ಹಾಳಾಗತ್ತೆ!" ಬೆರಳು ವಾಪಸಾಯಿತು.

ಚೆಂಡು ಅಂದವಾಗಿಯೇ ಬಂತು. ಅದನ್ನು ಹುಡುಗನ ಕೈಗೆ ಕೊಟ್ಟು ಫೋಟೋ ತೆಗೆದದ್ದಾಯಿತು. ಅವನು ಎರಡು ಸಲ ಪುಟಿಸಿ, ಮೇಜಿನ ಮೇಲಿಟ್ಟು, ಟಿ.ವಿ. ಮುಂದೆ ಹೋಗಿ ಕೂತ. "ಈಗಿನ ಮಕ್ಕಳಿಗೆ ಯಾವುದರಲ್ಲೂ ಆಸಕ್ತಿಯೇ ಇಲ್ಲ ನೋಡಿ" ಎಂದು ಆಕೆ ನಿಟ್ಟುಸಿರಿಟ್ಟರು.

ನನಗೆ ರೇಗಿತು. ಆಸಕ್ತಿ ಇಲ್ಲದವನು ಬೆರಳೇಕೆ ಚಾಚುತ್ತಿದ್ದ? ಆದರೆ ಮಾತು ತುಟಿಯವರೆಗೆ ಬಂದು ನಿಂತಿತು. ಯಾಕೆಂದರೆ ಈ ತಪ್ಪಿನಲ್ಲಿ ನಾನು ಆಕೆಗಿಂತ ಹಿರಿಯಳು.

2001ರಲ್ಲಿ ನನ್ನ ಮಗಳು ಐದನೆಯ ತರಗತಿ. ಶಾಲೆಯಲ್ಲಿ "ಕಸದಿಂದ ರಸ" ಎಂಬ ಪ್ರದರ್ಶನ. ಅವಳು ಅಪ್ಪನ ಸೈಕಲ್ಲಿನ ತೂತುಬಿದ್ದ ಟ್ಯೂಬನ್ನು ಉಂಗುರ ಉಂಗುರವಾಗಿ ಕತ್ತರಿಸಿ, ಚಿಂದಿಬಟ್ಟೆಯ ಉಂಡೆಗೆ ಹಾಕಿ, ಎರಡು ದಿನ ಕೂತು ಚೆಂಡು ಮಾಡಿದಳು. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಮಧ್ಯದಲ್ಲಿ ಬಟ್ಟೆಯ ತುದಿಯೊಂದು ಇಲಿಯ ಬಾಲದಂತೆ ಹೊರಗೆ. ನನಗೆ ನಾಚಿಕೆಯಾಯಿತು. ನಾಲ್ಕು ಜನ ನೋಡುವ ವಸ್ತುವಲ್ಲವೇ? ಅವಳು ಮಲಗಿದ ಮೇಲೆ ಅದನ್ನು ಪೂರ್ತಿ ಬಿಚ್ಚಿ, ಉಂಗುರಗಳನ್ನು ಒಂದೇ ಅಗಲಕ್ಕೆ ಕತ್ತರಿಸಿ, ರಾತ್ರಿ ಒಂದು ಗಂಟೆಯವರೆಗೆ ಕೂತು ನಿಂಬೆಹಣ್ಣಿನಷ್ಟು ನಯವಾದ ಚೆಂಡು ಮಾಡಿಟ್ಟೆ. ಮೊದಲ ಬಹುಮಾನ ಬಂತು. ಸಂಜೆ ಮಗಳು ಪ್ರಶಸ್ತಿಪತ್ರ ಮಾತ್ರ ತಂದಳು. "ಚೆಂಡೆಲ್ಲೇ?" ಎಂದೆ. "ಅಲ್ಲೇ ಬಿಟ್ಟೆ. ಅದು ನಿನ್ನ ಚೆಂಡಮ್ಮ, ಬೇಕಾದರೆ ನೀನೇ ತಂದ್ಕೋ" ಎಂದಳು. ಈ ಮಾತಿಗೆ ನನ್ನ ಬಳಿ ಅಂದೂ ಉತ್ತರವಿರಲಿಲ್ಲ, ಇಂದೂ ಇಲ್ಲ.

ಹಾಗಾಗಿ ನಾನೀಗ ಜಗಳಕ್ಕೆ ನಿಂತಿರುವುದು ಪಕ್ಕದ ಮನೆಯಾಕೆಯ ಮೇಲಲ್ಲ. ಮಕ್ಕಳ ಕೈಯಿಂದ ಚೆಂಡು ಕಿತ್ತುಕೊಳ್ಳುವ ನಮ್ಮೆಲ್ಲರ ಅಭ್ಯಾಸದ ಮೇಲೆ.

ಟ್ಯೂಬಿನ ಚೆಂಡು ಮಾಡಿದವರಿಗೆ ಗೊತ್ತು, ಅದು ಸುಲಭಕ್ಕೆ ಒಲಿಯುವುದಿಲ್ಲ. ಮೊದಲು ಗಾಳಿ ತುಂಬುವ ನಳಿಗೆಯ ಭಾಗವನ್ನು ಕತ್ತರಿಸಿ ಎಸೆಯಬೇಕು. ಆಗ ಒಳಗಿನ ಬಿಳಿಯ ಪುಡಿ ಮೂಗಿಗೆ ಹಾರುತ್ತದೆ. ಉಳಿದದ್ದನ್ನು ಅರ್ಧ ಬೆರಳಗಲಕ್ಕೆ ಕತ್ತರಿಸಬೇಕು. ಮೊದಲ ನಾಲ್ಕಾರು ಉಂಗುರಗಳು ಚಟ್ಟನೆ ಜಾರಿ ಮುಖಕ್ಕೇ ಬಡಿಯುತ್ತವೆ. ಒಂದೇ ದಿಕ್ಕಿಗೆ ಹಾಕಿದರೆ ಚೆಂಡು ಮೊಟ್ಟೆಯಾಗುತ್ತದೆ, ಪ್ರತಿ ಸಲವೂ ತಿರುಗಿಸಿ ಅಡ್ಡಡ್ಡ ಹಾಕಬೇಕು. ಹತ್ತು ಉಂಗುರಕ್ಕೆ ಪುಟಿಯುವುದೇ ಇಲ್ಲ. ನಲವತ್ತು ಐವತ್ತು ಹಾಕಿದ ಮೇಲೆ ಒಂದು ಗಳಿಗೆಯಲ್ಲಿ ಅದಕ್ಕೆ ಜೀವ ಬರುತ್ತದೆ. ಆ ಗಳಿಗೆಯಲ್ಲಿ ಮಗುವಿನ ಮುಖ ನೋಡಬೇಕು! ಹಿಗ್ಗಿದ ರಬ್ಬರು ಕುಗ್ಗಲು ಹವಣಿಸುತ್ತದೆ, ಪುಟಿತವಿರುವುದು ಅದರಲ್ಲೇ ಹೊರತು ಒಳಗಿನ ಚಿಂದಿಯಲ್ಲಲ್ಲ ಎಂಬ ಪಾಠ ಬೆರಳಿನಿಂದಲೇ ತಲೆಗೆ ಹತ್ತುತ್ತದೆ.

ನನ್ನ ತವರು ಸುಳ್ಯದ ಕಡೆ. ಅಲ್ಲಿ ರಬ್ಬರು ಮರಗಳ ತೋಟ. ಹಾಲು ಇಳಿಸಿದ ಮೇಲೆ ಮರದ ಗೀರಿನಲ್ಲಿ ಉಳಿದದ್ದು ಒಣಗಿ ಎಳೆಯಾಗುತ್ತದೆ. ಅದನ್ನು ಸುಲಿದು ಸುತ್ತಿ ಸುತ್ತಿ ಚೆಂಡು ಮಾಡುತ್ತಿದ್ದೆವು. ಕೈಯೆಲ್ಲ ಹುಳಿನಾತ. ಆದರೆ ನಾವು ಹುಡುಗಿಯರು ಎಳೆ ಸುಲಿದು ತರುವವರು ಮಾತ್ರ, ಸುತ್ತುವವರು ಅಣ್ಣಂದಿರು. "ನಿಂಗೆ ಬಿಗಿಯಾಗಿ ಸುತ್ತಲು ಬರುವುದಿಲ್ಲ, ಕೊಡು ಇಲ್ಲಿ." ಈ "ಕೊಡು ಇಲ್ಲಿ" ಎಂಬ ಮಾತಿನ ನೋವು ತಿಂದವಳು ನಾನು. ಅದನ್ನೇ ಮಗಳಿಗೆ ಹೇಳಿದೆನಲ್ಲ!

ಚೆಂಡಿನ ಚರಿತ್ರೆಯಾದರೂ ಏನು ಹೇಳುತ್ತದೆ? ಮೆಕ್ಸಿಕೋ ದೇಶದ ಎಲ್ ಮನಾತಿ ಎಂಬಲ್ಲಿ ಕ್ರಿ.ಪೂ. 1600ರ ಸುಮಾರಿನ ರಬ್ಬರು ಚೆಂಡುಗಳು ಜೌಗಿನಲ್ಲಿ ಸಿಕ್ಕಿವೆ. ಮರದ ಹಾಲಿಗೆ ನಮ್ಮ ಸಿಹಿಗೆಣಸಿನ ಕುಲಕ್ಕೇ ಸೇರಿದ, ರಾತ್ರಿ ಅರಳುವ ಬಿಳಿಹೂವಿನ ಬಳ್ಳಿಯ ರಸ ಬೆರೆಸಿದರೆ ಪುಟಿತ ಹೆಚ್ಚುತ್ತದೆಂದು ಆ ಸೀಮೆಯ ಜನ ಕಂಡುಕೊಂಡಿದ್ದರು. ಅದು ನಿಜವೆಂದು ಅಮೆರಿಕದ ವಿಜ್ಞಾನಿಗಳು 1999ರಲ್ಲಿ ಪರೀಕ್ಷಿಸಿ ತೋರಿಸಿದರು. ಆ ಜನರಿಗೆ ಯಾರೂ ಅಳೆದು ಪೊಟ್ಟಣ ಕಟ್ಟಿಕೊಟ್ಟಿರಲಿಲ್ಲ. ಇನ್ನು 1965ರಲ್ಲಿ ಮಾರುಕಟ್ಟೆಗೆ ಬಂದ "ಸೂಪರ್ ಬಾಲ್" ಕಥೆ ಕೇಳಿ. ಕ್ಯಾಲಿಫೋರ್ನಿಯಾದ ರಸಾಯನಶಾಸ್ತ್ರಜ್ಞ ನಾರ್ಮನ್ ಸ್ಟಿಂಗ್ಲಿ ಕೃತಕ ರಬ್ಬರನ್ನು ಭಾರೀ ಒತ್ತಡದಲ್ಲಿ ಅದುಮಿ ಅದನ್ನು ಮಾಡಿದ. ಬೇಗ ಒಡೆದುಹೋಗುತ್ತದೆಂದು ಅವನು ಕೆಲಸ ಮಾಡುತ್ತಿದ್ದ ಕಂಪನಿಯೇ ಬೇಡವೆಂದಿತು. ಇನ್ನೊಂದು ಕಂಪನಿ ಕೈಗೆತ್ತಿಕೊಂಡು, ತಿದ್ದಿ, ಗಟ್ಟಿ ಮಾಡಿತು. ಕೆಟ್ಟ ಚೆಂಡೇ ಒಳ್ಳೆಯ ಚೆಂಡಿನ ತಾಯಿ. ನಮ್ಮ ಮಕ್ಕಳಿಗೆ ಮಾತ್ರ ಕೆಟ್ಟ ಚೆಂಡು ಮಾಡುವ ಹಕ್ಕಿಲ್ಲ!

"ಕತ್ತರಿ ತಗುಲಿದರೆ? ರಾಸಾಯನಿಕ ಬಾಯಿಗೆ ಹೋದರೆ?" ಎನ್ನುತ್ತೀರಿ. ನ್ಯಾಯವಾದ ಭಯ. ಅದಕ್ಕೇ ತಾಯಿ ಇರುವುದು, ಅಷ್ಟಕ್ಕೆ ಮಾತ್ರ. ಗ್ರಂಥಿಗೆ ಅಂಗಡಿಯ ಬಿಳಿಗಾರದಿಂದ, ಅಂದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬೋರಾಕ್ಸ್‌ನಿಂದ, ಚೆಂಡು ಮಾಡುವ ಬಗೆಯೊಂದಿದೆ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿ ಬೇರೆ, ಅದಲ್ಲ. ಎರಡು ದೊಡ್ಡ ಚಮಚ ಬಿಸಿನೀರಿಗೆ ಅರ್ಧ ಟೀ ಚಮಚ ಬಿಳಿಗಾರ ಕರಗಿಸಿ. ಬೇರೆ ಬಟ್ಟಲಲ್ಲಿ ಒಂದು ದೊಡ್ಡ ಚಮಚ ಬಿಳಿ ಅಂಟು, ಅದರ ಮೇಲೆ ಅಷ್ಟೇ ಕಾರ್ನ್‌ಫ್ಲೋರ್, ಅರ್ಧ ಟೀ ಚಮಚ ಬಿಳಿಗಾರದ ನೀರು. ಹತ್ತು ಹದಿನೈದು ಸೆಕೆಂಡು ಬಿಟ್ಟು ಕಲಸಿ, ಗಟ್ಟಿಯಾದ ಮೇಲೆ ಕೈಯಲ್ಲಿ ನಾದಿ ಉಂಡೆ ಮಾಡುವುದು. ಬಿಳಿಗಾರ ಹೊಟ್ಟೆಗೆ ಹೋಗಬಾರದು, ಗಾಯಕ್ಕೆ ತಾಗಬಾರದು. ಅದನ್ನು ನೀವೇ ಅಳೆದು ಕರಗಿಸಿ, ಉಳಿದ ಪುಡಿಯನ್ನು ಎತ್ತಿಡಿ. ಅಡುಗೆಯ ಪಾತ್ರೆ ಬಳಸಬೇಡಿ. ಆಟ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಸಿ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕೂಸಿರುವ ಮನೆಗೆ ಇದು ಬೇಡವೇ ಬೇಡ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ನಾದುವುದು, ಉರುಟು ಮಾಡುವುದು, ಕೆಡಿಸುವುದು ಮಗುವಿನದು.

ಆ ಚೆಂಡು ರಾತ್ರಿ ತಟ್ಟೆಯಲ್ಲಿಟ್ಟರೆ ಬೆಳಿಗ್ಗೆ ದೋಸೆಯಂತೆ ಹರಡಿರುತ್ತದೆ. ಮಗು ಅಳಬಹುದು. ಅಳಲಿ. ಆಮೇಲೆ "ಯಾಕೆ?" ಎಂದು ಕೇಳುತ್ತದೆ. ಅಂಟಿನ ಉದ್ದುದ್ದ ಎಳೆಗಳನ್ನು ಬಿಳಿಗಾರ ಗಂಟುಹಾಕಿ ಹಿಡಿದಿರುತ್ತದೆ. ಆ ಗಂಟುಗಳು ಬಿಚ್ಚುತ್ತ, ಮತ್ತೆ ಕಟ್ಟುತ್ತ ಇರುವುದರಿಂದ, ನೆಲಕ್ಕೆ ಹೊಡೆದರೆ ಪುಟಿಯುವ ಚೆಂಡು ಸುಮ್ಮನಿಟ್ಟರೆ ಮೆಲ್ಲಗೆ ಇಳಿಯುತ್ತದೆ. ಈ ಒಂದು "ಯಾಕೆ" ಹುಟ್ಟಬೇಕಾದರೆ ಚೆಂಡು ಕೆಡಲೇಬೇಕು. ಡಬ್ಬಿಯ ನಯವಾದ ಚೆಂಡಿನಲ್ಲಿ ಅದು ಹುಟ್ಟುವುದಿಲ್ಲ.

"ನಮಗೆ ಪುರುಸೊತ್ತೆಲ್ಲಿದೆ?" ಎಂಬುದು ಇನ್ನೊಂದು ದೂರು. ಅಡುಗೆ, ಆಫೀಸು, ಅತ್ತೆಯ ಔಷಧಿ, ಅದರ ಮೇಲೆ ಶಾಲೆಯ ಪ್ರಾಜೆಕ್ಟು. ಅಯ್ಯೋ, ನಾನು ಹೇಳುತ್ತಿರುವುದು ಹೆಚ್ಚು ಕೆಲಸ ಮಾಡಿ ಎಂದಲ್ಲ, ಕಡಿಮೆ ಮಾಡಿ ಎಂದು! ರಾತ್ರಿ ಒಂದು ಗಂಟೆಯವರೆಗೆ ಕೂತು ಥರ್ಮೋಕೋಲ್ ಕೊರೆಯುವ ತಾಯಂದಿರೇ, ಆ ಅಂಕ ಯಾರಿಗೆ ಬರುತ್ತಿದೆ ಎಂದು ಒಮ್ಮೆ ಯೋಚಿಸಿ. ಸೊಟ್ಟ ಚೆಂಡನ್ನು ಸೊಟ್ಟಗೇ ಕಳುಹಿಸಿ. ಶಾಲೆಗಳಿಗೂ ನನ್ನದೊಂದು ಮಾತು: ಅಮ್ಮಂದಿರ ಕೈಕೆಲಸಕ್ಕೆ ಬಹುಮಾನ ಕೊಡುವುದನ್ನು ನಿಲ್ಲಿಸಿ. ಹತ್ತು ವರ್ಷದ ಕೈ ಮಾಡಿದ್ದು ಯಾವುದು, ನಲವತ್ತು ವರ್ಷದ ಕೈ ಮಾಡಿದ್ದು ಯಾವುದು ಎಂದು ತಿಳಿಯದ ಮೇಷ್ಟ್ರುಗಳೇನಲ್ಲ ನೀವು.

ಈಗ ಆ ಮಗಳ ಮಗಳಿಗೆ ಏಳು ವರ್ಷ. ದಸರಾ ರಜೆಗೆ ಬಂದಾಗ ಒಂದು ಟ್ಯೂಬು, ಒಂದು ಕತ್ತರಿ ಕೊಟ್ಟು ಎದುರಿಗೆ ಕೂತೆ. ಕತ್ತರಿಯ ಮೇಲೆ ಕಣ್ಣಿಟ್ಟೆ, ಕೈಯನ್ನು ಮಾತ್ರ ಸೆರಗಿನೊಳಗೆ ಬಿಗಿಹಿಡಿದೆ. ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು! ಮೂರು ದಿನ ಹಿಡಿಯಿತು. ಅದೇ ಉಬ್ಬು, ಅದೇ ತಗ್ಗು, ಅದೇ ಇಲಿಬಾಲ. ನೇರ ಹೊಡೆದರೆ ಅಡ್ಡ ಪುಟಿಯುತ್ತದೆ, ಹಿಡಿಯಲು ಅಂಗಳವೆಲ್ಲ ಓಡಬೇಕು. ಊರಿಗೆ ಹೊರಟಾಗ ಅವಳು ಹೊಸ ಫ್ರಾಕು ಮರೆತಳು, ಚೆಂಡು ಮರೆಯಲಿಲ್ಲ.