ಅಪೀಲಿಗೆ ಹೋಗುವ ಮುನ್ನ



ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಾವೆಲ್ಲರೂ ಹೇಳುತ್ತೇವೆ. ಹೇಳುತ್ತಲೇ ಕೋರ್ಟಿನ ಮೆಟ್ಟಿಲನ್ನೂ ಹತ್ತುತ್ತೇವೆ. ಗಡಿ, ದಾರಿ, ನೀರು, ದಾಯಾದಿಗಳ ಹಿಸ್ಸೆ, ಸರ್ಕಾರ ವಶಪಡಿಸಿಕೊಂಡ ಜಮೀನಿನ ಪರಿಹಾರ, ಇವುಗಳಲ್ಲಿ ಒಂದಲ್ಲ ಒಂದು ವ್ಯಾಜ್ಯ ತೋಟವುಳ್ಳವನಿಗೆ ತಪ್ಪಿದ್ದಲ್ಲ. ಮೊದಲ ದಾವೆಯ ವಿಚಾರ ಇಲ್ಲಿ ನಾನು ಬರೆಯುತ್ತಿಲ್ಲ. ಕೆಳಗಿನ ಕೋರ್ಟಿನಲ್ಲಿ ಸೋತ ದಿನ ಸಂಜೆ, ಸಿಟ್ಟು ಇನ್ನೂ ಆರಿರದ ಹೊತ್ತಿನಲ್ಲಿ, "ಬಿಡುವುದಿಲ್ಲ, ಹೈಕೋರ್ಟಿಗೆ ಹೋಗುತ್ತೇನೆ" ಎನ್ನುತ್ತೇವಲ್ಲ, ಆ ಗಳಿಗೆಯಲ್ಲಿ ಮಾಡುವ ತಪ್ಪಿನ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ.

ಆ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬ. ನನ್ನ ತೋಟಕ್ಕೆ ಹೋಗುವ ಗಾಡಿದಾರಿ ಪಕ್ಕದವರ ಜಮೀನಿನಲ್ಲಿ ಹಾದುಹೋಗುತ್ತಿತ್ತು. ಅದರ ಹಕ್ಕಿನ ದಾವೆಯಲ್ಲಿ ಸೋತೆ, ಮೊದಲ ಅಪೀಲಿನಲ್ಲೂ ಸೋತೆ. ಆಗ ಹೆಸರುವಾಸಿ ವಕೀಲರೊಬ್ಬರನ್ನು ಹುಡುಕಿಕೊಂಡು ಹೋದೆ. ಅವರ ಹೆಸರು ಎದ್ದಿದ್ದು ಕ್ರಿಮಿನಲ್ ಕೇಸುಗಳಲ್ಲಿ. ಅದನ್ನು ನಾನು ಯೋಚಿಸಲಿಲ್ಲ. ಸಾಕ್ಷಿಗಳು ಸುಳ್ಳು ಹೇಳಿದರು, ಕಮಿಷನರು ಸರಿಯಾಗಿ ಅಳೆಯಲಿಲ್ಲ ಎಂದೆಲ್ಲ ಇಪ್ಪತ್ತಕ್ಕೂ ಹೆಚ್ಚು ಆಧಾರಗಳನ್ನು ಬರೆದು ಎರಡನೆಯ ಅಪೀಲು ಹಾಕಿದರು. ನಾನು ಕೇಳಲು ಬಯಸಿದ್ದನ್ನೇ ಅವರು ಹೇಳಿದರು, ನಾನು ಸಂತೋಷದಿಂದ ಫೀಜು ಕೊಟ್ಟೆ. ಅಪೀಲು ದಾಖಲು ಹಂತದಲ್ಲೇ ಕೆಲವು ನಿಮಿಷಗಳಲ್ಲಿ ವಜಾ ಆಯಿತು. ಮುಂದೆ ಪಕ್ಕದವರೊಂದಿಗೆ ಕುಳಿತು ಮಾತಾಡಿ ಆ ದಾರಿಯ ಪಟ್ಟಿಯನ್ನು ಕ್ರಯಕ್ಕೇ ತೆಗೆದುಕೊಂಡೆ. ಕೊಟ್ಟ ಹಣ ವಕೀಲರ ಫೀಜಿನ ಅರ್ಧವೂ ಆಗಲಿಲ್ಲ.

ವಜಾ ಆದದ್ದೇಕೆಂದು ಅನಂತರ ತಿಳಿಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಂತೆ, 1976ರ ತಿದ್ದುಪಡಿಯಾದ ಮೇಲೆ, ಹೈಕೋರ್ಟಿನಲ್ಲಿ ಎರಡನೆಯ ಅಪೀಲು ನಿಲ್ಲಬೇಕಾದರೆ ಅದರಲ್ಲಿ ಕಾನೂನಿನ ಮಹತ್ವದ ಪ್ರಶ್ನೆಯೊಂದು ಇರಲೇಬೇಕು. ಯಾವ ಸಾಕ್ಷಿಯನ್ನು ನಂಬಬೇಕು, ದಾರಿ ಎಷ್ಟು ಅಡಿ ಅಗಲವಿತ್ತು ಎಂಬ ಸಂಗತಿಗಳನ್ನು ಎರಡು ಕೋರ್ಟುಗಳು ಒಂದೇ ರೀತಿ ತೀರ್ಮಾನಿಸಿದ ಮೇಲೆ ಹೈಕೋರ್ಟು ಸಾಮಾನ್ಯವಾಗಿ ಅದನ್ನು ಮತ್ತೆ ಕೆದಕುವುದಿಲ್ಲ. ಮೊದಲ ಅಪೀಲು ಹಾಗಲ್ಲ. ಅಲ್ಲಿ ಸಂಗತಿ, ಕಾನೂನು ಎರಡನ್ನೂ ನೋಡಬಹುದು. ಈ ವ್ಯತ್ಯಾಸ ತಿಳಿಯದೆ ನಾನು ಮೊದಲ ಅಪೀಲನ್ನು ಉದಾಸೀನದಿಂದ ನಡೆಸಿ, ಎರಡನೆಯದಕ್ಕೆ ಇದ್ದಬದ್ದ ಹಣವನ್ನೆಲ್ಲ ಸುರಿದಿದ್ದೆ.

ಇದಕ್ಕೆ ಎದುರಾದ ಇನ್ನೊಂದು ಸಂಗತಿ ನಮ್ಮ ಭಾವನವರದು. ಅಕ್ಕನನ್ನು ಕೊಟ್ಟಿರುವುದು ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡಕ್ಕೆ. ನಮ್ಮ ಬೆಟ್ಟಗಳಲ್ಲಿ ಹುಟ್ಟಿದ ತುಂಗೆ, ಭದ್ರೆ ಒಂದಾಗಿ ಹರಿದು ಆ ಊರಿನ ಮಗ್ಗುಲಲ್ಲೇ ಸಾಗುತ್ತವೆ. ಇಲ್ಲಿ ಅಡಿಕೆಗೆ ಬಿದ್ದ ಮಳೆ ಅಲ್ಲಿ ಭತ್ತಕ್ಕೆ ನೀರು. ಭಾವನವರ ತಂದೆ ನೋಂದಾಯಿತ ಕ್ರಯಪತ್ರದಿಂದ ನಾಲ್ಕು ಎಕರೆ ಗದ್ದೆ ಕೊಂಡಿದ್ದರು. ಇಂತಿಷ್ಟು ವರ್ಷದೊಳಗೆ ಹಣ ಮರಳಿಸಿದರೆ ಗದ್ದೆ ತಿರುಗಿ ಕೊಡುವುದಾಗಿ ಅದೇ ದಿನ ಬೇರೊಂದು ಕಾಗದದಲ್ಲಿ ಕರಾರು ಬರೆದುಕೊಟ್ಟಿದ್ದರು. ಆ ಅವಧಿ ಎಂದೋ ಮುಗಿದುಹೋಗಿತ್ತು. ಮಾರಿದವರ ಮಕ್ಕಳು ಬಂದು, ಅದು ಕ್ರಯವಲ್ಲ, ಅಡಮಾನ, ಬಿಡಿಸಿಕೊಳ್ಳುವ ಹಕ್ಕು ನಮಗಿದೆ ಎಂದು ದಾವೆ ಹೂಡಿದರು. ಎರಡು ಕೋರ್ಟುಗಳಲ್ಲಿ ಭಾವನವರು ಸೋತರು.

ನಾನು ಅಲ್ಲಿಗೆ ಹೋದಾಗ ಅಕ್ಕ, "ತಮ್ಮಾ, ಹೊಲ ಹೋದರ ಹೋಗಲಿ, ನಿಮ್ಮ ಭಾವ ರಾತ್ರಿ ನಿದ್ದಿನ ಮಾಡವಲ್ರು" ಎಂದು ಕಣ್ಣೀರು ಹಾಕಿದಳು. ಮನೆಯ ಅನ್ನ ಆ ನಾಲ್ಕು ಎಕರೆಯಲ್ಲೇ ಇತ್ತು. ನನ್ನ ಪೆಟ್ಟು ನೆನಪಿದ್ದುದರಿಂದ, ಈ ಬಾರಿ ದೊಡ್ಡ ಹೆಸರನ್ನು ಹುಡುಕುವುದು ಬೇಡ, ಧಾರವಾಡದ ಪೀಠದಲ್ಲಿ ವರ್ಷಾನುಗಟ್ಟಲೆ ಎರಡನೆಯ ಅಪೀಲುಗಳನ್ನೇ ನಡೆಸುತ್ತಿರುವವರು ಯಾರೆಂದು ವಿಚಾರಿಸೋಣ ಎಂದೆ. ಭಾವನವರ ಊರಿನ ವಕೀಲರೇ ಅಂಥವರೊಬ್ಬರನ್ನು ಸೂಚಿಸಿದರು. ಅವರು ಮೊದಲ ದಿನ ಯಾವ ಭರವಸೆಯನ್ನೂ ಕೊಡಲಿಲ್ಲ. ಕಡತ ಇಟ್ಟುಕೊಂಡು ಒಂದು ವಾರ ಬಿಟ್ಟು ಬರಹೇಳಿದರು. ಮತ್ತೆ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕ್ರಯಪತ್ರ ಒಂದು ಕಾಗದ, ಕರಾರು ಇನ್ನೊಂದು ಕಾಗದ. ಹೌದೇ?"

ಆಸ್ತಿ ವರ್ಗಾವಣೆ ಅಧಿನಿಯಮದ 58ನೇ ಕಲಮಿಗೆ 1929ರಲ್ಲಿ ಸೇರಿಸಿದ ಒಂದು ಉಪಬಂಧವಿದೆ. ಮರಳಿ ಕೊಡುವ ಷರತ್ತು ಕ್ರಯಪತ್ರದಲ್ಲೇ ಬರೆದಿಲ್ಲದಿದ್ದರೆ ಆ ವ್ಯವಹಾರವನ್ನು ಷರತ್ತಿನ ಕ್ರಯದ ಅಡಮಾನವೆಂದು ಎಣಿಸುವಂತಿಲ್ಲ. ಕೆಳಗೆ ಎರಡು ಕಡೆಯೂ ವಾದವೆಲ್ಲ ಸಾಕ್ಷಿಗಳ ಸುತ್ತಲೇ ತಿರುಗಿ ಈ ಮಾತು ಹಿಂದೆ ಬಿದ್ದಿತ್ತು. ಹೊಸ ವಕೀಲರು ಹಳೆಯ ಟಿಪ್ಪಣಿಯಲ್ಲಿದ್ದ ಆಧಾರಗಳನ್ನೆಲ್ಲ ಹೊಡೆದುಹಾಕಿ ಎರಡನ್ನು ಮಾತ್ರ ಉಳಿಸಿಕೊಂಡರು. ಅಪೀಲು ದಾಖಲಾಯಿತು, ಡಿಕ್ರಿಯ ಜಾರಿಗೆ ತಡೆಯಾಜ್ಞೆ ಸಿಕ್ಕಿತು. ಕೆಲವು ವರ್ಷಗಳ ಅನಂತರ ತೀರ್ಪೂ ಭಾವನವರ ಕಡೆಗೆ ಆಯಿತು. ಇದರಲ್ಲಿ ಊರಿನ ವಕೀಲರ ಪಾಲನ್ನು ಮರೆಯಬಾರದು. ಆ ಎರಡು ಕಾಗದಗಳನ್ನೂ ವಿಚಾರಣೆಯಲ್ಲೇ ಹಾಜರುಪಡಿಸಿ ಗುರುತು ಹಾಕಿಸಿದವರು ಅವರು. ಅವು ದಾಖಲೆಯಲ್ಲಿ ಇಲ್ಲದಿದ್ದರೆ ಮೇಲಿನವರು ಎಷ್ಟೇ ಅನುಭವಿಗಳಾದರೂ ಕೈಚೆಲ್ಲಬೇಕಾಗುತ್ತಿತ್ತು. ಅಪೀಲಿನಲ್ಲಿ ಹೊಸ ಸಾಕ್ಷ್ಯ ತರಲು ಕಾನೂನು ಬಿಡುವ ಬಾಗಿಲು ಬಲು ಕಿರಿದು.

ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಮರ ಹತ್ತಿ ಕೊನೆ ಇಳಿಸುವವನು ಬೇರೆ. ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಮಂಡಿಯಲ್ಲಿ ಇದು ಬೆಟ್ಟೆಯೋ ಗೊರಬಲೋ ಎಂದು ನೋಡುವವನು ಬೇರೆ. ಇಬ್ಬರೂ ಬೇಕು. ಒಬ್ಬನ ಕೆಲಸ ಇನ್ನೊಬ್ಬನಿಗೆ ಬಾರದು. ಮಂಡಿಯಲ್ಲಿ ಕುಳಿತವನು ಮತ್ತೆ ಹಸಿ ಅಡಿಕೆ ಕೊಯ್ಯಲಾರ. ಚೀಲದಲ್ಲಿ ಇರುವುದನ್ನೇ ನೋಡಿ ಬೆಲೆ ಕಟ್ಟಬೇಕು. ಅಪೀಲಿನ ವಕೀಲರ ಚೀಲವೆಂದರೆ ಕೆಳಗಿನ ಕೋರ್ಟಿನ ದಾಖಲೆ.

ಕಾನೂನಿನ ಪ್ರಶ್ನೆ ಎಂದರೇನು ಎಂಬುದಕ್ಕೆ ನಮ್ಮ ಕಾಫಿಯದೇ ಉದಾಹರಣೆ ಇದೆ. ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಗಾರ ಮಂಡಳಿಗೆ ಕಾಫಿ ಒಪ್ಪಿಸುತ್ತಿದ್ದುದು ಮಾರಾಟವೇ, ಇಲ್ಲವೇ ಕಾಯಿದೆಯ ಬಲದಿಂದಾದ ಕಡ್ಡಾಯ ಸ್ವಾಧೀನವೇ ಎಂಬ ವಿವಾದ ಕಾಫಿ ಮಂಡಳಿಗೂ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೂ ನಡುವೆ ನಡೆದು, 1988ರಲ್ಲಿ ಸುಪ್ರೀಂ ಕೋರ್ಟು ಅದು ಮಾರಾಟವೇ ಎಂದು ಹೇಳಿತು. ಒಪ್ಪಿಸಿದ್ದರಲ್ಲಿ ಸಂಶಯವಿರಲಿಲ್ಲ, ಪದ್ಧತಿಯಲ್ಲಿ ಸಂಶಯವಿರಲಿಲ್ಲ. ಅದಕ್ಕೆ ಕಾನೂನು ಯಾವ ಹೆಸರು ಕೊಡುತ್ತದೆ ಎಂಬುದೊಂದೇ ಪ್ರಶ್ನೆ. ಅಂಥ ಪ್ರಶ್ನೆ ನಿಮ್ಮ ಕಡತದಲ್ಲಿ ಇದೆಯೇ ಇಲ್ಲವೇ ಎಂದು ಕಂಡುಹಿಡಿಯುವುದೇ ಅಪೀಲಿನಲ್ಲಿ ಪಳಗಿದವರ ಕೆಲಸ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ 1970ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದದ್ದು ನಮಗೆಲ್ಲ ತಿಳಿದಿದೆ. ಅದು ಅಪೀಲಲ್ಲ, ರಿಟ್ ಅರ್ಜಿ. ಅವರ ಪರವಾಗಿ ನಾನಿ ಪಾಲ್ಖಿವಾಲಾ ಅವರಂಥವರು ವಾದಿಸಿದರು. ಹದಿಮೂರು ನ್ಯಾಯಾಧೀಶರು 68 ದಿನ ಕೇಳಿ, 1973ರ ಏಪ್ರಿಲ್ 24ರಂದು ಏಳು ಮಂದಿಯ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟು ಕೆಡಿಸಲಾರದೆಂದು ತೀರ್ಪಿತ್ತರು. ದೇಶಕ್ಕೆ ದೊಡ್ಡ ತತ್ತ್ವ ದೊರಕಿತು. ಆದರೆ ಮಠದ ಜಮೀನು ಮಠಕ್ಕೆ ಮರಳಲಿಲ್ಲ. ಮಠ ಅದನ್ನು ತಾಳಿಕೊಂಡಿತು, ಮೂರೆಕರೆಯವನು ತಾಳಿಕೊಳ್ಳಲಾರ. ಆದ್ದರಿಂದ ಎಂಥ ವಕೀಲರ ಬಳಿ ಹೋದರೂ, "ಗೆದ್ದರೆ ನನ್ನ ಕೈಗೆ ಬರುವುದೇನು?" ಎಂದು ಮೊದಲೇ ಕೇಳಬೇಕು.

ಹಾಗಾದರೆ ಆರಿಸುವುದು ಹೇಗೆ? ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಮೊದಲನೆಯದು ದಿನಗಳ ಲೆಕ್ಕ. ಸಿವಿಲ್ ಡಿಕ್ರಿಯ ಮೇಲೆ ಹೈಕೋರ್ಟಿಗೆ ಅಪೀಲು ಹಾಕಲು 90 ದಿನ, ಇತರ ಕೋರ್ಟುಗಳಿಗೆ 30 ದಿನ. ನಕಲು ಪಡೆಯಲು ಹಿಡಿದ ಕಾಲವನ್ನು ಇದರಲ್ಲಿ ಕಳೆಯುತ್ತಾರೆ. ಆದ್ದರಿಂದ ತೀರ್ಪಾದ ಕೂಡಲೇ ನಕಲಿಗೆ ಅರ್ಜಿ ಹಾಕಿ. 2013ರ ಭೂಸ್ವಾಧೀನ ಕಾಯಿದೆಯಡಿ ಪ್ರಾಧಿಕಾರದ ತೀರ್ಪಿನ ಮೇಲೆ ಹೈಕೋರ್ಟಿಗೆ 60 ದಿನ. ತಕ್ಕ ಕಾರಣವಿದ್ದರೆ ಮತ್ತೆ 60 ದಿನದವರೆಗೆ ಅವಕಾಶ. ಕೊಯ್ಲು ಮುಗಿಯಲಿ, ಧಾರಣೆ ಏರಲಿ, ಆಮೇಲೆ ನೋಡೋಣ ಎಂದು ಕುಳಿತರೆ ಎಂಥ ವಕೀಲರೂ ಉಪಯೋಗಕ್ಕೆ ಬಾರರು.

ಎರಡನೆಯದು ಯಾವ ಪೀಠ ಎಂಬುದು. ಧಾರವಾಡ, ಕಲಬುರಗಿಗಳಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಕಾಯಂ ಆದವು. ಕೆಂಚನಗುಡ್ಡದವರು ಧಾರವಾಡಕ್ಕೆ ಹೋದರೆ, ಹೊಳೆಯಾಚೆಯ ರಾಯಚೂರು ಜಿಲ್ಲೆಯವರು ಕಲಬುರಗಿಗೆ ಹೋಗುತ್ತಾರೆ. ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ಧಾರವಾಡ. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗಿನವರಿಗೆ ಬೆಂಗಳೂರು. ಆಯಾ ಪೀಠದಲ್ಲಿ ನಿತ್ಯ ನಿಲ್ಲುವವರನ್ನೇ ವಿಚಾರಿಸಿ. ಈಗ ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಹಾಕಿದರೆ ಅವರು ನಡೆಸುತ್ತಿರುವ ಕೇಸುಗಳು ಕಾಣುತ್ತವೆ. ಮನೆಯ ಮಕ್ಕಳಿಗೆ ಹೇಳಿದರೆ ಮೊಬೈಲಿನಲ್ಲೇ ತೋರಿಸುತ್ತಾರೆ.

ಮೂರನೆಯದಾಗಿ, ಕಡತ ಓದುವ ಮೊದಲೇ "ಗೆಲ್ಲಿಸಿಕೊಡುತ್ತೇನೆ" ಎನ್ನುವವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ. ಯಾವ ಪ್ರಶ್ನೆಯ ಮೇಲೆ ಅಪೀಲು ನಿಲ್ಲುತ್ತದೆಂದು ಎರಡು ಮೂರು ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ನಿಮಗೆ ಅರ್ಥವಾಗುವಂತೆ ಹೇಳಲಾರದವರು ನ್ಯಾಯಾಧೀಶರಿಗೆ ಹೇಗೆ ಹೇಳಿಯಾರು? ವಾದಿಸುವವರು ಅವರೇ ಖುದ್ದಾಗಿಯೋ, ಕಿರಿಯರನ್ನು ಕಳಿಸುತ್ತಾರೆಯೋ ಎಂದೂ ಕೇಳಿ.

ನಾಲ್ಕನೆಯದಾಗಿ, ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಹಾಕಬೇಕು. ಅದು ಬರುವ ಮೊದಲೇ ಎದುರಾಳಿ ಅಮೀನನನ್ನು ಕರೆದುಕೊಂಡು ಬಂದು ತೋಟದ ಸ್ವಾಧೀನ ಪಡೆದರೆ, ಕೊನೆಗೆ ಗೆದ್ದರೂ ಅದನ್ನು ಬಿಡಿಸಿಕೊಳ್ಳುವುದು ಇನ್ನೊಂದು ಹೋರಾಟ.

ಐದನೆಯದು ಫೀಜು. ಬಂದ ಪರಿಹಾರದಲ್ಲಿ ಶೇಕಡಾ ಇಷ್ಟು ಎಂಬ ಒಪ್ಪಂದವನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆ ಮಾತೆತ್ತಿದರೆ ಒಪ್ಪಬೇಡಿ. ಫೀಜೆಷ್ಟು, ಕೋರ್ಟು ಶುಲ್ಕವೆಷ್ಟು, ಭಾಷಾಂತರದ ಖರ್ಚೆಷ್ಟು ಎಂದು ಬೇರೆಬೇರೆಯಾಗಿ ಬರೆಸಿಕೊಳ್ಳಿ. ಸುಪ್ರೀಂ ಕೋರ್ಟಿನಲ್ಲಾದರೆ ವಕಾಲತ್ತು ಹಾಕುವ ಅಧಿಕಾರ 'ಅಡ್ವೊಕೇಟ್ ಆನ್ ರೆಕಾರ್ಡ್' ಎಂದು ನೋಂದಣಿಯಾದವರಿಗೆ ಮಾತ್ರ. ಹಿರಿಯ ವಕೀಲರು ವಾದಿಸುತ್ತಾರೆ, ವಕಾಲತ್ತು ಹಾಕುವುದಿಲ್ಲ. ಅಲ್ಲಿಗೆ ಎರಡು ಫೀಜು ಎಂದು ಎಣಿಸಿಯೇ ಹೊರಡಬೇಕು. ಇನ್ನು ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಹೈಕೋರ್ಟಿನಲ್ಲೂ ಅದಕ್ಕೆ ಸಮಿತಿ ಇದೆ. ನಮ್ಮ ಸದಸ್ಯೆಯರು ಸಂಕೋಚಪಡದೆ ಕೇಳಬೇಕು.

ಕೊನೆಯದಾಗಿ ಸಂಘಕ್ಕೆ ಒಂದು ಸಲಹೆ. ಸೋತ ಸದಸ್ಯನೊಬ್ಬ ಅಪೀಲಿಗೆ ಮುನ್ನ ಅನುಭವಿ ವಕೀಲರೊಬ್ಬರಿಂದ ಲಿಖಿತ ಅಭಿಪ್ರಾಯ ಪಡೆಯಲು ಸಂಘವು ಸಣ್ಣ ಕೈಸಾಲ ಕೊಡುವ ಏರ್ಪಾಡು ಮಾಡಬೇಕೆಂದು ನಾನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಸೂಚಿಸಲಿದ್ದೇನೆ. ಗೊಬ್ಬರ, ಔಷಧಿಗೆ ಇರುವ ಹಣವನ್ನು ವ್ಯಾಜ್ಯಕ್ಕೆ ಕೊಡುವುದು ಸರಿಯಲ್ಲವೆಂದು ಆಡಳಿತ ಮಂಡಳಿಯ ಕೆಲವರು ಹೇಳುತ್ತಾರೆ. ಅವರ ಕಳವಳ ಸಹಜ. ಆದರೆ ನಾನು ಕೇಳುತ್ತಿರುವುದು ವ್ಯಾಜ್ಯ ನಡೆಸಲು ಅಲ್ಲ, ನಡೆಸಬೇಕೋ ಬೇಡವೋ ಎಂದು ತಿಳಿಯಲು. "ಇದು ನಿಲ್ಲುವುದಿಲ್ಲ, ರಾಜಿ ಮಾಡಿಕೊಳ್ಳಿ" ಎಂಬ ಒಂದು ಪುಟದ ಕಾಗದ ಅಂದು ನನ್ನ ಕೈಯಲ್ಲಿದ್ದಿದ್ದರೆ ನನ್ನ ಎರಡು ಫಸಲಿನ ಹಣ ಮನೆಯಲ್ಲೇ ಉಳಿಯುತ್ತಿತ್ತು. "ಇದರಲ್ಲಿ ಒಂದು ಪ್ರಶ್ನೆ ಇದೆ" ಎಂಬ ಮಾತು ಕೆಂಚನಗುಡ್ಡದಲ್ಲಿ ಒಂದು ಮನೆಯನ್ನು ಉಳಿಸಿತು. ಎರಡನ್ನೂ ಹೇಳಬಲ್ಲವರೇ ಒಳ್ಳೆಯ ಅಪೀಲಿನ ವಕೀಲರು.

ಸದಸ್ಯ ಬಾಂಧವರು ತಮ್ಮ ಅಭಿಪ್ರಾಯಗಳನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕೆಂದೂ ಸಭೆಗೆ ತಪ್ಪದೆ ಬರಬೇಕೆಂದೂ ಕೋರುತ್ತೇನೆ.

ಕಾರ್ಯದರ್ಶಿ