ಮಾತ್ರೆ ತಗೊಂಡರೂ ‘ನನಗೇನೂ ಆಗಿಲ್ಲ’: ಈ ಮಾತನ್ನು ನಂಬಬಹುದೇ?

“ರಾತ್ರಿ ನಿದ್ದೆ ಮಾತ್ರೆ ತಗೊಂಡು ಬೆಳಿಗ್ಗೆ ಆರಾಮಾಗಿ ಗಾಡಿ ಓಡಿಸಿದೆ, ನನಗೇನೂ ಆಗಲಿಲ್ಲ.” ಈ ಮಾತನ್ನು ನೀವೂ ಕೇಳಿರುತ್ತೀರಿ. ಶೀತ, ತುರಿಕೆಗೆ ನುಂಗುವ ಕೆಲವು ಅಲರ್ಜಿ ಮಾತ್ರೆಗಳ ಬಗ್ಗೆಯೂ ಜನ ಹೀಗೇ ಹೇಳುತ್ತಾರೆ. ಮಂಪರು ಅನಿಸಲಿಲ್ಲ ಎಂದ ಮಾತ್ರಕ್ಕೆ ಮೆದುಳು ಎಂದಿನಷ್ಟೇ ಚುರುಕಾಗಿದೆ ಎಂದು ಹೇಳಬಹುದೇ?

ಅನಿಸುವುದು ಬೇರೆ, ಅಳತೆ ಬೇರೆ

ಅಮೆರಿಕದ ಅಯೋವಾದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲರ್ಜಿ ಇದ್ದ 40 ಜನರನ್ನು ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಲಾಯಿತು. ಪ್ರತಿಯೊಬ್ಬರಿಗೂ ಬೇರೆ ಬೇರೆ ದಿನ ಡೈಫೆನ್‌ಹೈಡ್ರಮಿನ್ ಎಂಬ ಹಳೆಯ ಅಲರ್ಜಿ ಔಷಧ, ಮಂಪರು ಕಡಿಮೆ ಇರುವ ಫೆಕ್ಸೊಫೆನಡೀನ್, ಮದ್ಯ ಮತ್ತು ಔಷಧವೇ ಇಲ್ಲದ ಡಮ್ಮಿ ಮಾತ್ರೆ ಕೊಟ್ಟರು. ಒಟ್ಟಾರೆ ಚಾಲನೆ ಅತಿ ಕಳಪೆಯಾಗಿದ್ದು ಡೈಫೆನ್‌ಹೈಡ್ರಮಿನ್ ತಗೊಂಡ ದಿನ. ಮದ್ಯ ಕುಡಿದ ದಿನಕ್ಕಿಂತಲೂ ಕಳಪೆ! ತಮಗೆ ಎಷ್ಟು ಮಂಪರಿದೆ ಎಂದು ಅವರು ಹೇಳಿದ್ದಕ್ಕೂ ಚಾಲನೆ ಎಷ್ಟು ಕೆಟ್ಟಿತ್ತು ಎಂಬುದಕ್ಕೂ ಸರಿಯಾಗಿ ತಾಳೆಯಾಗಲಿಲ್ಲ.

ಹೇಗೆ ಅಳೆಯುತ್ತಾರೆ?

ಒಂದು ಪರೀಕ್ಷೆಯಲ್ಲಿ ಪ್ರತಿ ಅಂಕಿಗೂ ಒಂದು ಚಿಹ್ನೆ ಕೊಟ್ಟಿರುತ್ತಾರೆ. ನಿಗದಿತ ಸಮಯದಲ್ಲಿ ಎಷ್ಟು ಅಂಕಿಗಳಿಗೆ ಸರಿಯಾದ ಚಿಹ್ನೆ ಬರೆಯುತ್ತೀರಿ ಎಂಬುದೇ ಅಂಕ. ಇನ್ನೊಂದರಲ್ಲಿ 10 ನಿಮಿಷ ಪರದೆ ನೋಡುತ್ತಾ, ಸೂಚನೆ ಕಂಡ ತಕ್ಷಣ ಗುಂಡಿ ಒತ್ತಬೇಕು. ಅರ್ಧ ಸೆಕೆಂಡಿಗಿಂತ ತಡವಾದರೆ ಗಮನ ತಪ್ಪಿತು ಎಂದು ಲೆಕ್ಕ. ನೆದರ್ಲೆಂಡ್ಸ್‌ನಲ್ಲಿ ನಿಜವಾದ ಹೆದ್ದಾರಿಯಲ್ಲೇ ಸುಮಾರು 100 ಕಿ.ಮೀ. ಕಾರು ಓಡಿಸಿ, ಅದು ಲೇನ್‌ನೊಳಗೆ ಎಷ್ಟು ಸೆಂಟಿಮೀಟರ್ ಅತ್ತಿತ್ತ ಓಲಾಡಿತು ಎಂದು ಅಳೆಯುತ್ತಾರೆ. ಪಕ್ಕದಲ್ಲಿ ತರಬೇತುದಾರರು ಇರುತ್ತಾರೆ.

ಒಬ್ಬೊಬ್ಬರಿಗೆ ಒಂದೊಂದು ರೀತಿ

ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆಯನ್ನೇ ನೋಡಿ. 10 ಮಿ.ಗ್ರಾಂ. ತಗೊಂಡು ಸುಮಾರು 8 ಗಂಟೆ ಕಳೆದ ಮೇಲೂ, ಚಾಲನೆಗೆ ತೊಂದರೆ ಕೊಡಬಲ್ಲಷ್ಟು ಔಷಧ ಶೇ. 15ರಷ್ಟು ಮಹಿಳೆಯರ ರಕ್ತದಲ್ಲಿ ಉಳಿದಿತ್ತು. ಪುರುಷರಲ್ಲಿ ಈ ಪ್ರಮಾಣ ಶೇ. 3. ಹೀಗಾಗಿ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಹಿಳೆಯರಿಗೆ ಡೋಸ್ ಅನ್ನು 5 ಮಿ.ಗ್ರಾಂ.ಗೆ ಇಳಿಸಲು ಹೇಳಿತು. ಆದರೆ ಶೇ. 15 ಎಂಬುದು ಗುಂಪಿನ ಲೆಕ್ಕ. ಆ ಗುಂಪಿನಲ್ಲಿ ನೀವು ಯಾವ ಕಡೆ ಇದ್ದೀರಿ ಎಂದು ಅದು ಹೇಳುವುದಿಲ್ಲ. ವಯಸ್ಸು, ಲಿವರ್‌ನ ಆರೋಗ್ಯ, ಜೊತೆಗೆ ತಗೊಳ್ಳುವ ಬೇರೆ ಔಷಧಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮೊಬೈಲ್ ಆ್ಯಪ್‌ನಲ್ಲಿ ನೋಡಿಕೊಳ್ಳಬಹುದೇ?

ಒಂದು ಸಲ ಆಡಿ ಬಂದ ಅಂಕದಿಂದ ಏನೂ ತಿಳಿಯುವುದಿಲ್ಲ. ಹೋಲಿಸಬೇಕಾದ್ದು ಮಾತ್ರೆ ಇಲ್ಲದ ದಿನದ ನಿಮ್ಮದೇ ಅಂಕದ ಜೊತೆ. ಅದಕ್ಕೂ ತೊಡಕುಗಳಿವೆ: ಆಡಿದಂತೆಲ್ಲ ಅಭ್ಯಾಸದಿಂದ ಅಂಕ ಏರುತ್ತದೆ, ಕಾಫಿ ಕುಡಿದರೆ ಬದಲಾಗುತ್ತದೆ, ನಿದ್ದೆಗೆಟ್ಟರೂ ಬದಲಾಗುತ್ತದೆ. ಸಂಶೋಧಕರು ಮೊದಲೇ ಅಭ್ಯಾಸ ಮಾಡಿಸಿ, ಯಾವ ದಿನ ಯಾವ ಮಾತ್ರೆ ಎಂದು ಹೇಳದೆ ಪರೀಕ್ಷಿಸುವುದು ಇದಕ್ಕೇ. ಆದ್ದರಿಂದ ಆ್ಯಪ್‌ನ ಒಳ್ಳೆ ಅಂಕ ಗಾಡಿ ಓಡಿಸಲು ಪರವಾನಗಿಯಲ್ಲ.

ಮನೆಯಲ್ಲಿ ಹಿರಿಯರಿದ್ದರೆ

ಅಜ್ಜಿಗೆ ಇತ್ತೀಚೆಗೆ ಮರೆವು, ಗೊಂದಲ ಜಾಸ್ತಿಯಾಗಿದ್ದರೆ “ಅರವತ್ತಕ್ಕೆ ಅರಳು ಮರಳು” ಎಂದು ಸುಮ್ಮನಾಗಬೇಡಿ. ನಿದ್ದೆಗೋ ಆತಂಕಕ್ಕೋ ಕೊಡುವ ಮಾತ್ರೆಗಳಿಂದಲೂ ಹಾಗಾಗಬಹುದು, ಬೀಳುವ ಅಪಾಯವೂ ಹೆಚ್ಚುತ್ತದೆ. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅಲ್ಪ್ರಜೋಲಮ್‌ನಂಥ ಔಷಧವನ್ನು ಬಹುಕಾಲ ತಗೊಂಡವರು ದಿಢೀರನೆ ಬಿಟ್ಟರೆ ಫಿಟ್ಸ್ ಬರಬಹುದು. ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ, ಬದಲಾವಣೆ ಯಾವಾಗ ಶುರುವಾಯಿತು ಎಂಬುದನ್ನು ಬರೆದುಕೊಂಡು ವೈದ್ಯರಿಗೆ ತೋರಿಸಿ.

“ಈ ಮಾತ್ರೆಯಿಂದ ನನಗೇನೂ ಆಗಲಿಲ್ಲ, ನೀವೂ ತಗೊಳ್ಳಿ” ಎಂಬ ಮೆಸೇಜ್ ಬಂದರೆ ನೆನಪಿಡಿ: ಅದನ್ನು ಬರೆದವರು ಹೇಳುತ್ತಿರುವುದು ತಮಗೆ ಅನಿಸಿದ್ದನ್ನು ಮಾತ್ರ. ಅದನ್ನು ಫಾರ್ವರ್ಡ್ ಮಾಡಬೇಡಿ.